ಓದೋನು

ಮೈಸೂರಿಗೆ ಇಂಟರ್‌ಮೀಡಿಯೆಟ್ ಓದಲು ಹೋಗುತ್ತೇನೆ ಎಂದು ನಾನು ಬಾಯಿಬಿಟ್ಟ ದಿನ ನಮ್ಮವ್ವ ಆಡಿದ್ದು ಒಂದೇ ಮಾತು. ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದಳು. ಕೋಲು ನಿಲ್ಲಿಸದೆ, ನನ್ನ ಕಡೆ ನೋಡದೆ ಅಂದಳು:

“ಈ ಮನೆಗೆ ಒಬ್ಬ ಓದೋನು ಸಾಕು ಕಣ್ಲಾ.”

ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ ಅಪ್ಪನಿಗೆ ಖುಷಿಯಾಯಿತು. “ಸರಿಯಾಗ್ ಯೋಳಿದ್ಲು ಬುಡು. ನೀನೊಬ್ಬ ಓದು, ಬೇಸಾಯ ನಾನ್ ನೋಡ್ಕತೀನಿ,” ಎಂದು ಮತ್ತೆ ಹಗ್ಗಕ್ಕೆ ಕೈಹಾಕಿದ. ಅಪ್ಪನಿಗೆ ಎಲ್ಲವೂ ಸಲೀಸು. ನನಗೆ ಮಾತ್ರ ಆ ಮಾತು ಅಷ್ಟು ಸಲೀಸಾಗಿ ಕಾಣಲಿಲ್ಲ.

ನಮ್ಮೂರು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿದೆ. ಈ ಸೀಮೆಯವರ ನಾಲಗೆಗೂ ಹಕಾರಕ್ಕೂ ಯಾವ ಜನ್ಮದ ವೈರವೋ ಗೊತ್ತಿಲ್ಲ. ಹಳ್ಳಿ ನಮಗೆ ಅಳ್ಳಿ, ಹಸು ಅಸ, ಹೈದ ಐದ, ಹುಚ್ಚೀರಯ್ಯ ಎಂಬ ನಮ್ಮಪ್ಪ ಊರಿಗೆಲ್ಲ ಉಚ್ಚೀರಯ್ಯ. ಪುಸ್ತಕ ಓದುವವನು ಓದೋನು, ಸರಿ. ಮನೆ ಬಿಟ್ಟು ಹೋದವನೂ ನಮ್ಮ ಬಾಯಲ್ಲಿ ಓದೋನೇ. ಮನೆ ಬಿಟ್ಟು ಹೋದವನೊಬ್ಬ ನಮ್ಮ ಮನೆಯಲ್ಲಿ ಆಗಲೇ ಇದ್ದ, ನಮ್ಮಣ್ಣ ಜವರಯ್ಯ. ಎರಡು ವರ್ಷದ ಕೆಳಗೆ ಮಿಲಿಟರಿ ಸೇರಿ, ಬರ್ಮಾ ಕಡೆ ಹೋದನಂತೆ ಎನ್ನುವಷ್ಟು ಸುದ್ದಿ ಬಂದು, ಆಮೇಲೆ ಇದ್ದಾನೆ ಎಂದಾಗಲಿ ಇಲ್ಲ ಎಂದಾಗಲಿ ಯಾರೂ ಹೇಳದೆ ಉಳಿದವನು.

ಅವ್ವ ಹೇಳಿದ್ದು ಯಾವ ಓದೋನನ್ನು? ಓದುವವನೊಬ್ಬ ಸಾಕು, ಅದು ನೀನೇ ಆಗು ಎಂದಳೋ, ಹೋದವನೊಬ್ಬ ಸಾಕು, ನೀನೂ ಹೋಗಬೇಡ ಎಂದಳೋ?

ಬಾಯಿಬಿಟ್ಟು ಕೇಳಬಹುದಿತ್ತು. ಧೈರ್ಯ ಬರಲಿಲ್ಲ. ಹೋಗಬೇಡ ಎಂದುಬಿಟ್ಟರೆ ನಾನು ಹೋಗುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಅಲ್ಲದೆ ಅಣ್ಣನ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಹೊರಟವರು ‘ಓಗ್ ಬತ್ತೀನಿ’ ಅನ್ನಬೇಕು, ಅದು ಎಲ್ಲರೂ ನಡೆಸಿಕೊಂಡು ಬಂದದ್ದು. ಜವರಣ್ಣ ಅವಸರದಲ್ಲಿ ಬರೀ ‘ಓಯ್ತೀನಿ ಕಣವ್ವ’ ಅಂದು ಹೋಗಿದ್ದ. ಅವ್ವ ಯುದ್ಧವನ್ನು ಬೈಯಲಿಲ್ಲ, ಯುದ್ಧಕ್ಕೆ ಕರೆದೊಯ್ದವರನ್ನು ಬೈಯಲಿಲ್ಲ. ಆ ಮಾತೊಂದನ್ನೇ ಹಿಡಿದುಕೊಂಡು ಕೂತಳು. “ಬತ್ತೀನಿ ಅನ್ನನಿಲ್ಲ ನೋಡು,” ಎಂದು ಮೊದಮೊದಲು ಬಂದವರಿಗೆಲ್ಲ ಹೇಳುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು.

ಹೀಗೆ ಅರ್ಥವಾಗದ ಮಾತನ್ನು ಅಪ್ಪಣೆ ಎಂದುಕೊಂಡು ನಾನು ತಯಾರಿಗೆ ನಿಂತೆ. ಅಪ್ಪ ತಗಡಿನ ಪೆಟ್ಟಿಗೆ ತಂದ. ಮಂಡ್ಯದ ದರ್ಜಿ ಒಂದು ಕೋಟು ಹೊಲಿದ. ನಾನು ಇನ್ನೂ ಬೆಳೆಯುತ್ತೇನೆಂದು ಅಳತೆಗಿಂತ ದೊಡ್ಡದಾಗಿಯೇ ಹೊಲಿದ, ನಾನು ಬೆಳೆಯಲಿಲ್ಲ. ಎಲ್ಲಕ್ಕಿಂತ ದೊಡ್ಡ ತಯಾರಿ ಮಾಡಿಸಿದವರು ನಮ್ಮ ಹೈಸ್ಕೂಲಿನ ಮೇಷ್ಟ್ರು ರಾಮಲಿಂಗಯ್ಯನವರು. ಮೈಸೂರಿನಲ್ಲಿ ಬಡ ರೈತರ ಮಕ್ಕಳಿಗೆಂದು ಒಂದು ಧರ್ಮದ ಹಾಸ್ಟೆಲು ಇತ್ತು. ಅಲ್ಲಿ ಜಾಗ ಸಿಕ್ಕರೆ ಊಟ, ವಸತಿ ಎರಡೂ ಆದವು. ಸಿಗದಿದ್ದರೆ ಬಂದ ದಾರಿಗೆ ಸುಂಕವಿಲ್ಲದೆ ವಾಪಸು. ಜಾಗ ಕೊಡುವ ಮೊದಲು ಕಮಿಟಿಯವರು ಕೂರಿಸಿಕೊಂಡು ಮಾತಾಡಿಸುತ್ತಾರಂತೆ.

“ಸಿದ್ದರಾಮು, ನೀನು ಬರೆಯೋದ್ರಲ್ಲಿ ತಪ್ಪಿಲ್ಲ. ಬಾಯಿ ತೆಗೆದ್ರೆ ಎಲ್ಲಾ ಹಾಳು,” ಎಂದರು ಮೇಷ್ಟ್ರು. “ಹಕಾರ ಕಲಿ. ಅದೊಂದು ಬಂದ್ರೆ ಮಿಕ್ಕಿದ್ದು ತಾನಾಗಿ ಬರುತ್ತೆ.”

ಕಲಿತೆ. ಗದ್ದೆಯ ಬದುವಿನ ಮೇಲೆ ಓಡಾಡಿಕೊಂಡು ಹಾಲು, ಹೊಲ, ಹಗ್ಗ, ಹುಲ್ಲು ಎಂದು ಎದೆಯಿಂದ ಉಸಿರು ತಳ್ಳಿ ತಳ್ಳಿ ಕಲಿತೆ. ಕಷ್ಟವಿದ್ದದ್ದು ಹಕಾರ ಹೊರಡಿಸುವುದರಲ್ಲಲ್ಲ. ಎಲ್ಲಿ ಹೊರಡಿಸಬೇಕು, ಎಲ್ಲಿ ಬಿಡಬೇಕು ಎನ್ನುವುದೇ ಮರೆತುಹೋಗತೊಡಗಿತು. ಅಕ್ಕಿ ಯಾವುದು, ಹಕ್ಕಿ ಯಾವುದು? ಆಡು ಮೇಯುತ್ತದೋ ಹಾಡು ಮೇಯುತ್ತದೋ? ಒಂದು ದಿನ ಊಟಕ್ಕೆ ಕೂತು ಮೈಮರೆತು, “ಹವ್ವ, ಹಿನ್ನೊಂದು ಚೂರು ಹುಪ್ಪು” ಎಂದುಬಿಟ್ಟೆ.

ಅಪ್ಪ ಕೈ ತಡೆದು ನೋಡಿದ. “ಐದಂಗೆ ಗಾಳಿಗೀಳಿ ಸೋಕ್ತೇನಮ್ಮಿ?”

ಅವ್ವ ನಗಲಿಲ್ಲ. ಉಪ್ಪು ಬಡಿಸಿ ಎದ್ದುಹೋದಳು.

ಹೊರಡುವ ದಿನ ಅವ್ವ ತಾನೂ ಗಾಡಿ ಹತ್ತಿದಳು. ಮದ್ದೂರಿನ ಸ್ಟೇಷನ್ನಿಗೆ ಅವಳು ಬಂದದ್ದು ಜವರಣ್ಣ ಹೋದಮೇಲೆ ಅದೇ ಮೊದಲು. ರೈಲು ಬಂತು, ಅಪ್ಪ ಪೆಟ್ಟಿಗೆ ಒಳಗೆ ತಳ್ಳಿದ, ನಾನು ಬಾಗಿಲಲ್ಲಿ ನಿಂತೆ. ಅವ್ವ ತಲೆಯೆತ್ತಿ ನನ್ನ ಬಾಯನ್ನೇ ನೋಡುತ್ತಿದ್ದಳು. ಆಗಲಾದರೂ ಅರ್ಥವಾಗಬೇಡವೇ? ನನಗೆ ತಲೆಯಲ್ಲೆಲ್ಲ ಹಕಾರ. ಮೈಸೂರಿಗೆ ಹೊರಟವನು ಮೈಸೂರಿನವರಂತೆ ಹೇಳಬೇಕೆಂದು ಎದೆ ತುಂಬ ಉಸಿರು ತೆಗೆದುಕೊಂಡು, ಸ್ವಚ್ಛವಾಗಿ ಅಂದೆ:

“ಹೋಗ್ತೀನಿ ಅವ್ವ.”

ಹಕಾರ ಬಹಳ ಚೆನ್ನಾಗಿ ಬಂತು. ಹಿಂದಿನ ಮಾತು ಬರಲೇ ಇಲ್ಲ.

ಅವ್ವನ ಮುಖ ಕಪ್ಪಿಟ್ಟಿತು. ನನಗೆ ಹೊಳೆದು “ಬತ್ತೀನಿ, ಬತ್ತೀನಿ” ಎಂದು ಕೂಗುವ ಹೊತ್ತಿಗೆ ಗಾಡಿ ಹೊರಟಿತ್ತು. ನನ್ನ ಕೂಗು ಅವಳಿಗೆ ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ. ಮಂಡ್ಯ ಬರುವವರೆಗೂ ನಾನು ಬಾಗಿಲು ಬಿಟ್ಟು ಕೂರಲಿಲ್ಲ. ನನ್ನನ್ನು ನಾನೇ ಮನಸಾರೆ ಬೈದುಕೊಂಡೆ.

ಹಾಸ್ಟೆಲಿನ ಕಮಿಟಿಯಲ್ಲಿ ಪೇಟ ಸುತ್ತಿದ ಹಿರಿಯರು ಬೆಂಚಿನ ತುಂಬ ಕೂತಿದ್ದರು. ನಡುವಿನ ಬಿಳಿಮೀಸೆಯವರು ಕೇಳಿದರು.

“ಏನಪ್ಪಾ, ಮೈಸೂರಿಗೆ ಯಾಕೆ ಬಂದೆ?”

“ಹೋದೋಕೆ ಸಾರ್,” ಎಂದೆ.

“ಏನು?”

“ಹೋದೋಕೆ.”

“ಈಗ ತಾನೆ ಬಂದಿದ್ದೀಯ, ಆಗಲೇ ಹೋಗೋ ಯೋಚನೆಯೇ?”

ಬೆಂಚಿಗೆ ಬೆಂಚೇ ನಕ್ಕಿತು. ನನಗೆ ಏನು ತಪ್ಪಾಯಿತೆಂದೇ ತಿಳಿಯದೆ, ಇನ್ನೂ ಬಿಗಿಯಾಗಿ ಉಸಿರು ತಳ್ಳಿ, “ಹಿಂಟರ್‌ಮೀಡಿಯೆಟ್ ಹೋದೋಕೆ” ಎಂದೆ. ಬಿಳಿಮೀಸೆಯವರಿಗೆ ನಗುನಗುತ್ತಾ ಕಣ್ಣಲ್ಲಿ ನೀರು ಬಂತು. ನಕ್ಕ ಭರದಲ್ಲಿ ಅವರ ನಾಲಗೆಯೂ ಜಾರಿತು. “ನಮ್ ಕಡೆ ಐದ ಕಣ್ರಯ್ಯ. ಜಾಗ ಕೊಡಿ ಅತ್ಲಾಗೆ,” ಎಂದರು. ಅಂತೂ ಜಾಗ ಸಿಕ್ಕಿತು.

ಜಾಗ ಸಿಕ್ಕಿತೆಂದು ನಾನು ನೆಲೆ ನಿಂತೆನೆಂದಲ್ಲ. ಕಾಲೇಜಿನಲ್ಲಿ ಗಂಟೆ ಹೊಡೆದರೆ ಮೇಷ್ಟ್ರು ನಮ್ಮ ಹತ್ತಿರ ಬರುವುದಿಲ್ಲ, ನಾವೇ ಕೋಣೆಯಿಂದ ಕೋಣೆಗೆ ಎದ್ದು ಹೋಗಬೇಕು. ಎಲ್ಲಿಗೆ ಎಂದು ಯಾರೂ ಹೇಳುವುದಿಲ್ಲ. ಗುಂಪಿನ ಹಿಂದೆ ಹೋಗಿ ಒಂದು ದಿನ ಪೂರ್ತಿ ಸೀನಿಯರ್ ತರಗತಿಯಲ್ಲಿ ಕೂತಿದ್ದೆ. ಅಲ್ಲೂ ಇಂಗ್ಲಿಷು, ಇಲ್ಲೂ ಇಂಗ್ಲಿಷು. ಅರ್ಥವಾಗದೆ ಇರುವುದರಲ್ಲಿ ವ್ಯತ್ಯಾಸವೇನೂ ಕಾಣದ್ದರಿಂದ ನನಗೆ ಗೊತ್ತೇ ಆಗಲಿಲ್ಲ. ಪಕ್ಕದವನು ಬರೆದರೆ ನಾನೂ ಬರೆಯುತ್ತಿದ್ದೆ, ಅವನು ನಕ್ಕರೆ ನಾನೂ ನಗುತ್ತಿದ್ದೆ. ಒಂದು ಸಲ ಅವನು ನಕ್ಕದ್ದು ನನ್ನ ಕೋಟನ್ನು ನೋಡಿ.

ಹಾಸ್ಟೆಲಿನಲ್ಲಿ ನನ್ನ ಹೆಸರು ಸಿದ್ದರಾಮು ಎನ್ನುವುದೇ ಎಲ್ಲರಿಗೂ ಮರೆತುಹೋಯಿತು. ಕಮಿಟಿಯ ಕತೆ ಅಡುಗೆಮನೆಯವರೆಗೂ ಹಬ್ಬಿ, ನಾನು ‘ಹೋದೋನು’ ಆದೆ. ಮಳವಳ್ಳಿ ಕಡೆಯ ಶಿವಣ್ಣ ನನ್ನ ಕೋಣೆಯವನು. ತನ್ನ ಹೆಸರನ್ನು ಸಿವಣ್ಣ ಎಂದೇ ಹೇಳುವ ಅವನೂ ನಾನು ಊಟಕ್ಕೆ ಹೋದಾಗಲೆಲ್ಲ, “ಹೋದೋನು ಬಂದ, ಜಾಗ ಬುಡ್ರಲಾ,” ಎನ್ನುತ್ತಿದ್ದ. ಕೆಟ್ಟ ಮನಸ್ಸಿನಿಂದಲ್ಲ. ಆದರೆ ಹೋದೋನು ಎಂದು ಕೂಗಿದಾಗಲೆಲ್ಲ ನನಗೆ ಮದ್ದೂರಿನ ಸ್ಟೇಷನ್ನಿನಲ್ಲಿ ತಲೆಯೆತ್ತಿ ನನ್ನ ಬಾಯನ್ನೇ ನೋಡುತ್ತಿದ್ದ ಅವ್ವ ಕಣ್ಣಿಗೆ ಕಟ್ಟುತ್ತಿದ್ದಳು. ಅವ್ವ ಬೇಡ ಎಂದೇ ಹೇಳಿದ್ದಳು, ನಾನು ನನಗೆ ಬೇಕಾದಂತೆ ಅರ್ಥ ಮಾಡಿಕೊಂಡು ಬಂದೆ ಎನ್ನುವುದು ದಿನದಿನಕ್ಕೂ ಗಟ್ಟಿಯಾಯಿತು.

ಒಂದು ಶನಿವಾರ ಪೆಟ್ಟಿಗೆಗೆ ಎಲ್ಲವನ್ನೂ ತುಂಬಿದೆ.

“ಎಲ್ಲಿಗ್ಲಾ?” ಎಂದ ಶಿವಣ್ಣ.

“ಊರಿಗೆ.”

“ಒಂದಿನಕ್ಕೆ ಪೆಟ್ಟಿಗೆ ಯಾಕ್ಲಾ?”

ನಾನು ಪೆಟ್ಟಿಗೆಗೆ ಬೀಗ ಹಾಕಿದೆ. ಅವನಿಗೂ ಅರ್ಥವಾಯಿತೆಂದು ಕಾಣುತ್ತದೆ, ಆ ದಿನ ಹೋದೋನು ಎನ್ನಲಿಲ್ಲ.

ಮದ್ದೂರಿನಲ್ಲಿಳಿದು ಸಿಕ್ಕ ಗಾಡಿ ಹತ್ತಿ, ಊರಬಾಗಿಲಲ್ಲಿ ಇಳಿದು, ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ನಡೆದೆ. ಬಾವಿಯ ಹತ್ತಿರ ಪಕ್ಕದ ಮನೆಯ ಮಾಯಮ್ಮ ನೀರು ಸೇದುತ್ತಿದ್ದಳು. ನನ್ನನ್ನು ಕಂಡಿದ್ದೇ ಹಗ್ಗವನ್ನು ಅಲ್ಲೇ ಬಿಟ್ಟು ಓಣಿಯೊಳಗೆ ಓಡಿದಳು. ಅವಳ ಕೂಗು ನನಗಿಂತ ಮೊದಲು ಮನೆ ಮುಟ್ಟಿತು.

“ಚಿಕ್ಕಬೋರಕ್ಕ, ನಿನ್ ಮಗ ಬಂದ ಕಣಕ್ಕ. ಪೆಟ್ಟಿಗೆ ಒತ್ಕಂಡ್ ಬತ್ತಾವ್ನೆ. ಓದೋನು ಬಂದ.”

ಅವ್ವ ಓಡಿಬಂದಳು. ಕೊಟ್ಟಿಗೆಯಿಂದ ಎದ್ದು ಬಂದಿದ್ದಳು, ಎರಡು ಕೈಯೂ ಸಗಣಿ, ಸೆರಗು ಎಲ್ಲೋ. ಅವಳು ಹಾಗೆ ಓಡಿದ್ದನ್ನು ನಾನು ಹುಟ್ಟಿದಮೇಲೆ ನೋಡಿರಲಿಲ್ಲ. ನಾನು ಪೆಟ್ಟಿಗೆ ಇಳಿಸಿದೆ. ನನ್ನ ಮುಖ ಕಂಡು ಅವಳು ತಟ್ಟನೆ ನಿಂತಳು. ಆಮೇಲೆ ನನ್ನ ಹಿಂದೆ ನೋಡಿದಳು. ಓಣಿಯ ತುದಿಯವರೆಗೂ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

“ನೀನಾ,” ಎಂದಳು.

ಯಾವ ಓದೋನು ಬಂದನೆಂದು ಅವಳು ಓಡಿಬಂದಳೆಂದು ನನಗೆ ಆಗ ತಿಳಿಯಿತು. ಅಳು ತಡೆಯಲಾಗಲಿಲ್ಲ, ನಡುಓಣಿಯಲ್ಲೇ ಅತ್ತೆ. ಅವ್ವ ಮೊಣಕೈಯಿಂದ ನನ್ನ ತಲೆಯನ್ನು ಒತ್ತಿಕೊಂಡು, ಸಗಣಿ ಕೈಗಳನ್ನು ದೂರ ಹಿಡಿದು, ಒಳಗೆ ಕರೆದುಕೊಂಡು ಹೋದಳು.

ಉಂಡಮೇಲೆ ಅವಳೇ ಕೇಳಿದಳು.

“ಪೆಟ್ಟಿಗೆ ಯಾಕ್ಲಾ ತಂದೆ? ರಜವಾ?”

“ಇಲ್ಲ ಕಣವ್ವ. ಬಂದ್ಬುಟ್ಟೆ. ಇನ್ ಓಗಕಿಲ್ಲ.”

“ಯಾರಾರ ಏನಾರ ಅಂದ್ರಾ?”

“ನೀನೇ ಅಂದಲ್ಲ, ಈ ಮನೆಗೆ ಒಬ್ಬ ಓದೋನು ಸಾಕು ಅಂತ. ಯಾವ ಓದೋನು ಅಂದೆ ನೀನು? ಪುಸ್ತಕ ಓದೋನಾ, ಜವರಣ್ಣನ ತರ ಓದೋನಾ?”

ಎಷ್ಟೋ ಕಾಲದ ಮೇಲೆ ಆ ಹೆಸರು ಆ ಮನೆಯಲ್ಲಿ ಕೇಳಿಸಿತ್ತು. ಅಪ್ಪ ಜಗಲಿಯಿಂದ ಒಮ್ಮೆ ಕೆಮ್ಮಿದ. ಅವ್ವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು.

“ಎಲ್ಡೂ ಒಂದೇ ಅಲ್ವೇನ್ಲಾ?” ಎಂದಳು. “ಪುಸ್ತಕ ಓದೋನು ಮಾತ್ರ ಇಲ್ಲಿರ್ತಾನಾ? ಅವ್ನೂ ಓಯ್ತಾನೆ.”

ಇಷ್ಟು ದಿನ ನಾನು ಎರಡು ಮಾತು ಎಂದು ತಲೆ ಕೆಡಿಸಿಕೊಂಡದ್ದು ಅವಳಿಗೆ ಒಂದೇ ಮಾತಾಗಿತ್ತು.

“ಅಂಗಾರೆ ನಾ ಓಗಕಿಲ್ಲ. ಇಲ್ಲೇ ಇರ್ತೀನಿ,” ಎಂದೆ.

ಅವ್ವ ನನ್ನ ಕಡೆ ತಿರುಗಿ ಕೂತಳು. “ಬ್ಯಾಡ ಕಣ್ ಮಗ. ನೀನಿಲ್ಲಿ ಕಣ್ಮುಂದೆ ಇದ್ರೆ ನಾನು ದಿನಾ ನಿನ್ ಇಂದುಗಡೆ ನೋಡ್ತೀನಿ. ಇವತ್ತು ನೋಡ್ದಂಗೆ. ನಿನ್ನ ನೋಡಕಿಲ್ಲ. ನೀನು ಓಗಿ, ಬಾ. ಆಗ ನಿನ್ ದಾರಿ ಕಾಯ್ತೀನಿ. ಬಂದಾಗ ನಿನ್ನೇ ನೋಡ್ತೀನಿ.”

ಸಂತೋಷವೋ ದುಃಖವೋ ಎಂದು ಕೇಳಿದರೆ ಈಗಲೂ ನನಗೆ ಗೊತ್ತಿಲ್ಲ.

ಮಾರನೆಯ ದಿನ ಅದೇ ಗಾಡಿ, ಅದೇ ಸ್ಟೇಷನ್ನು, ಅದೇ ಬಾಗಿಲು. ಅವ್ವ ಕೆಳಗೆ ನಿಂತು, “ಯೋಳು, ಏನಂತ ಯೋಳ್ ಓಯ್ತೀಯ?” ಎಂದು ಕೇಳಿದಳು.

“ಓಗ್ ಬತ್ತೀನಿ ಕಣವ್ವ.”

ಹಕಾರದ ಸುಳಿವಿಲ್ಲದೆ ಹೇಳಿದೆ. ರಾಮಲಿಂಗಯ್ಯ ಮೇಷ್ಟ್ರು ಕೇಳಿದ್ದರೆ ಕಿವಿ ಹಿಂಡುತ್ತಿದ್ದರು. ಗಾಡಿ ಅಲುಗಾಡಿತು. ಅವ್ವ ಏನೋ ಅಂದಳು, ಅಷ್ಟರಲ್ಲಿ ಎಂಜಿನ್ನು ಕೂಗಿತು. ಓಗ್ ಬಾ ಎಂದಳೋ, ಓದ್ ಬಾ ಎಂದಳೋ ಸರಿಯಾಗಿ ಕೇಳಿಸಲಿಲ್ಲ.

ಬಾ ಎಂದದ್ದು ಕೇಳಿಸಿತು.