ಕಣ್ಣಾರೆ ಕಂಡವರು

ಹಾಸಿಗೆ ಅಂಗಡಿಯವರ ಮನೆಯಲ್ಲಿ ಬೆಳಗಾಗುವುದೇ ಹತ್ತಿಯ ಮಬ್ಬಿನಲ್ಲಿ. ಮುಂದಿನ ಕೋಣೆಯಲ್ಲಿ ಮಾವ ಹತ್ತಿ ಬಿಡಿಸುವ ಯಂತ್ರ ಶುರುಮಾಡಿದರೆಂದರೆ ಬಿಳಿಯ ಎಳೆಗಳು ತೇಲುತ್ತ ಅಡುಗೆಮನೆಯವರೆಗೂ ಬಂದು, ಕಾಯಿಸಿಟ್ಟ ಹಾಲಿನ ಮೇಲೂ ಗಂಡನ ಮೀಸೆಯ ಮೇಲೂ ಕೂರುತ್ತಿದ್ದವು. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆಗೆ ತಾನು ಎಚ್ಚರವಾಗಿದ್ದೇನೋ, ಕನಸು ಕಾಣುತ್ತಿದ್ದೇನೋ ಎಂದೇ ತಿಳಿಯುತ್ತಿರಲಿಲ್ಲ. ಈಗ ರೂಢಿಯಾಗಿತ್ತು. ದಿಂಬಿನ ಬಾಯಿ ಹೊಲಿಯುತ್ತ ಅವಳು ಅರ್ಧ ಈ ಲೋಕದಲ್ಲಿ, ಅರ್ಧ ಇನ್ನೆಲ್ಲೋ ಇರುತ್ತಿದ್ದಳು.

ಆ ಮಬ್ಬಿನ ನಡುವೆ ಅತ್ತೆಯ ದನಿ. ಬೀದಿಯವರೆಲ್ಲ ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಎಲ್ಲಿಂದಲೋ ಬಂದ ಸುದ್ದಿಯನ್ನು ಅತ್ತೆ ತಮ್ಮ ದನಿಯಲ್ಲೇ ಫೋನಿಗೆ ಹೇಳಿ ಆ ಗುಂಪಿಗೆ ಕಳಿಸುವರು. ಕೊನೆಗೊಂದು ಬಾಲ ಇದ್ದೇ ಇರುತ್ತಿತ್ತು: "ಇದು ನಮ್ಮ ಮನೆಯವರೇ ಕಣ್ಣಾರೆ ಕಂಡಿದ್ದು." ಯಾರೂ ಏನೂ ಕಂಡಿರುತ್ತಿರಲಿಲ್ಲ. ಆದರೆ ಬಾಲವಿಲ್ಲದ ಸುದ್ದಿ ಅತ್ತೆಗೆ ಉಪ್ಪಿಲ್ಲದ ಅಡುಗೆ. ಬೀದಿಯವರೂ ನಂಬುತ್ತಿದ್ದರು. ಈ ಮನೆಯವರು ತುಂಬಿಕೊಟ್ಟ ಹಾಸಿಗೆಯ ಮೇಲೆ ಹುಟ್ಟಿದಾಗಿನಿಂದ ಮಲಗಿದವರು, ಈ ಮನೆಯ ಮಾತನ್ನು ಬಿಚ್ಚಿ ನೋಡುವ ಗೋಜಿಗೆ ಹೋಗುವರೇ? ಮಳೆಯಿರಲಿ, ಮಂತ್ರಿಯಿರಲಿ, ಬೆಳ್ಳುಳ್ಳಿಯಿರಲಿ, ಸಾಕ್ಷಿ ಈ ಮನೆಯದೇ. ಸೊಸೆಯೂ ಕೇಳಿ ನಗುತ್ತಿದ್ದಳು, ಪಾಪ.

ಬೀದಿಯ ತುದಿಯಲ್ಲಿ, ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳನ್ನು ಹಗಲೆಲ್ಲ ನೋಡಿಕೊಳ್ಳುವ ಹೆಂಗಸೊಬ್ಬಳಿದ್ದಳು. ಎಲ್ಲರಿಗೂ ಅವಳು ಮಕ್ಕಳಮ್ಮ. ಹತ್ತಿಯ ಧೂಳು ಎದೆಗೆ ಹೋಗದಿರಲೆಂದು ಸೊಸೆಯ ಮಗಳು ಪುಟ್ಟಿಯೂ ಹಗಲು ಅಲ್ಲೇ. ಕರೆತರಲು ಹೋದರೆ ನೀಲಿ ಪರದೆಯ ಮಸುಕು ಬೆಳಕಿನಲ್ಲಿ ಮಕ್ಕಳು ಸಾಲಾಗಿ ಮಲಗಿರುತ್ತಿದ್ದವು. ನಡುವೆ ಮಕ್ಕಳಮ್ಮ ರಾಗವೋ ಉಸಿರೋ ತಿಳಿಯದಂತೆ ಗುನುಗುತ್ತಿದ್ದಳು. ಆ ಬಾಗಿಲಲ್ಲಿ ನಿಂತರೆ ಸೊಸೆಗೂ ಕಣ್ಣು ಎಳೆಯುತ್ತಿತ್ತು.

"ಪುಟ್ಟಿ ಅಲ್ಲಿ ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಾಳೆ ಅತ್ತೆ," ಎಂದು ಒಮ್ಮೆ ಹೇಳಿದ್ದಳು. ಅಷ್ಟೇ.

ಒಂದು ಬೆಳಿಗ್ಗೆ ಯಾವುದೋ ದೂರದ ಊರಿನ ಸುದ್ದಿ ಬಂತು. ಮಕ್ಕಳನ್ನು ನೋಡಿಕೊಳ್ಳುವವಳೊಬ್ಬಳು ಹಾಲಿಗೆ ನಿದ್ದೆಯ ಔಷಧಿ ಬೆರೆಸುತ್ತಾಳಂತೆ. ಅತ್ತೆ ಅದನ್ನೂ ಹೇಳಿ ಕಳಿಸಿದರು. ಈ ಸಲ ಬಾಲ ಉದ್ದವಾಗಿತ್ತು: "ನಮ್ಮ ಬೀದೀಲೂ ಇದೇ ಕಥೆ. ಮಕ್ಕಳಮ್ಮ ಔಷಧಿ ಹಾಕೋದನ್ನ ನಮ್ಮ ಸೊಸೆಯೇ ಕಣ್ಣಾರೆ ಕಂಡಿದ್ದಾಳೆ."

ಸೊಸೆಯ ಬೆರಳಿಗೆ ಸೂಜಿ ಚುಚ್ಚಿತು. "ಅತ್ತೆ, ನಾನ್ಯಾವಾಗ..." ಎಂದಳು. ಯಂತ್ರದ ಸದ್ದು ಮಾತನ್ನು ನುಂಗಿತು. ಅವಳೂ ಮತ್ತೆ ಹೇಳಲಿಲ್ಲ.

ಮಧ್ಯಾಹ್ನದೊಳಗೆ ತಾಯಂದಿರು ಕೆಲಸ ಬಿಟ್ಟು ಓಡಿಬಂದು, ಮಲಗಿದ್ದ ಮಕ್ಕಳನ್ನು ಎತ್ತಿಕೊಂಡು ಹೋದರು. ಯಾರೋ ಕಿಟಕಿಗೆ ಕಲ್ಲೆಸೆದರು. ಮನೆಯ ಮಾಲೀಕ ಬಂದು, ಸಂಜೆಯೊಳಗೆ ಮನೆ ಖಾಲಿಯಾಗಬೇಕು ಎಂದ. ಸೊಸೆ ಏದುಸಿರು ಬಿಡುತ್ತ ಹೋದಾಗ ಒಡೆದ ಗಾಜಿನ ನಡುವೆ ಮಕ್ಕಳಮ್ಮ ಪುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ನೀನು ಏನು ನೋಡಿದೆ ತಾಯಿ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಹೇಳು. ನನ್ನಿಂದಲೇ ಏನಾದ್ರೂ ತಪ್ಪಾಗಿದ್ಯೋ ಏನೋ."

ಸೊಸೆ ನಾಚಿಕೆಯಿಂದ ಭೂಮಿಗಿಳಿದು ಹೋದಳು. ಪುಟ್ಟಿಯನ್ನು ಎತ್ತಿಕೊಂಡು ನೇರ ಅತ್ತೆಯ ಮುಂದೆ ಬಂದು ನಿಂತಳು.

"ಅತ್ತೆ, ನಾನು ಏನೂ ನೋಡಿಲ್ಲ. ಹಾಗಂತ ಹೇಳಿಬಿಡಿ."

"ಆಡಿದ್ದನ್ನ ವಾಪಸ್ ತಗೊಂಡ್ರೆ ನಾಳೆ ನಮ್ಮ ಮಾತಿಗೆ ಮೂರು ಕಾಸಿನ ಬೆಲೆ ಇರುತ್ತಾ? ಜನ ಹುಷಾರಾಗಿರಲಿ ಅಂತ ಹೇಳಿದೆ. ಸುಳ್ಳಾದ್ರೆ ಒಳ್ಳೇದೇ ಆಯ್ತು. ಯಾರಿಗೇನು ನಷ್ಟ?"

"ಮಕ್ಕಳಮ್ಮನಿಗೆ."

"ಸುಮ್ನಿರೇ," ಎಂದ ಗಂಡ. "ಅಮ್ಮ ಸುಳ್ಳು ಹೇಳಿದ್ರು ಅಂತ ಬೀದಿಗೆಲ್ಲ ಸಾರ್ತೀಯಾ?"

"ಜನ ಸುದ್ದೀನ ನಂಬಲಿಲ್ಲ ರೀ, ನಮ್ಮನ್ನ ನಂಬಿದ್ರು. ಅದಕ್ಕೇ ಅವಳ ಕಿಟಕಿಗೆ ಕಲ್ಲು ಬಿತ್ತು."

ಮಾವ ಯಂತ್ರ ನಿಲ್ಲಿಸಿದರು. ಮನೆಯಲ್ಲಿ ಹತ್ತಿ ಮಾತ್ರ ನಿಧಾನವಾಗಿ ಇಳಿಯುತ್ತಿತ್ತು. ಸೊಸೆ ತನ್ನ ಫೋನು ತೆಗೆದಳು. ಬೀದಿಯ ಗುಂಪು ತೆರೆದು ಮಾತಾಡಿದಳು.

"ಹಾಸಿಗೆ ಅಂಗಡಿ ಸೊಸೆ ಮಾತಾಡ್ತಿದ್ದೀನಿ. ನಾನು ನೋಡಿಲ್ಲ. ಮಕ್ಕಳು ನೆಮ್ಮದಿಯಾಗಿ ನಿದ್ದೆ ಮಾಡೋದನ್ನ ನೋಡಿದ್ದೀನಿ, ಅಷ್ಟೇ. ನಮ್ಮ ಮನೇಲಿ ಯಾರೂ ಬೇರೇನೂ ನೋಡಿಲ್ಲ. ಬೆಳಿಗ್ಗೆಯೇ ಹೇಳಬೇಕಿತ್ತು, ಹೇಳಲಿಲ್ಲ. ನಾಳೆಯೂ ನನ್ನ ಮಗಳು ಮಕ್ಕಳಮ್ಮನ ಹತ್ರಾನೇ ಇರ್ತಾಳೆ."

ಗುಂಪಿನಲ್ಲಿ ದರ್ಜಿಯ ಹೆಂಡತಿಯ ದನಿ ಬಂತು: "ಹಾಗಾದ್ರೆ ನೋಡಿದ್ದು ಯಾರು?"

ಅತ್ತೆ ಆ ಪ್ರಶ್ನೆಯನ್ನು ಮತ್ತೆ ಮತ್ತೆ ಹಾಕಿ ಕೇಳಿಸಿಕೊಂಡರು.

ಸಂಜೆ ಸೊಸೆ ಪುಟ್ಟಿಯೊಂದಿಗೆ ಹೋದಾಗ ಮಕ್ಕಳಮ್ಮ ಗಂಟುಮೂಟೆ ಕಟ್ಟುತ್ತಿದ್ದಳು. ಮಾಲೀಕ ಹೊರಗೆ ಫೋನು ಹಿಡಿದು, ಏನು ಹೇಳಬೇಕೆಂದು ತೋಚದೆ ನಿಂತಿದ್ದ. ಮಕ್ಕಳಮ್ಮ ಕಟ್ಟಿಟ್ಟಿದ್ದ ಹಾಸಿಗೆಯೊಂದನ್ನು ಸೊಸೆ ಬಿಚ್ಚಿ ಹಾಸಿದಳು. ಅದರ ಅಂಚಿನ ಹೊಲಿಗೆ ಅತ್ತೆಯ ಕೈಯದೇ. ಪುಟ್ಟಿ ತಾನಾಗಿ ಹೋಗಿ ಮಲಗಿ, ಹಾಡಿಗಾಗಿ ಕಾಯುತ್ತ ಕಣ್ಣು ಮುಚ್ಚಿದಳು. ಮಕ್ಕಳಮ್ಮ ಗುನುಗಲು ನೋಡಿದಳು. ಆಗದೆ, ಬರೀ ಬೆನ್ನು ತಟ್ಟಿದಳು.

ಆಗ ಬಾಗಿಲಲ್ಲಿ ನೆರಳಾಡಿತು. ತಲೆಗೂದಲಿನಲ್ಲೆಲ್ಲ ಹತ್ತಿ ಮೆತ್ತಿಕೊಂಡ ಅತ್ತೆ ಅಲ್ಲಿ ನಿಂತಿದ್ದರು. ಇಷ್ಟು ವರ್ಷ ಒಂದೇ ಬೀದಿಯಲ್ಲಿದ್ದೂ ಅವರು ಆ ಹೊಸ್ತಿಲು ತುಳಿದವರಲ್ಲ.

"ನಾನು..." ಎಂದರು, "ನೋಡೋಕೆ ಬಂದೆ."

ಬಗ್ಗಿ ಚಪ್ಪಲಿ ಬಿಡಲು ಹೋದರು. ಮಕ್ಕಳಮ್ಮ ಗಾಬರಿಯಿಂದ ಕೈ ಚಾಚಿದಳು.

"ಬಿಡಬೇಡಿ ಅಮ್ಮಾ. ಹಾಗೇ ಬನ್ನಿ. ಗಾಜು ಬಿದ್ದಿದೆ."