ಕೊನೆಯ ರೀಲಿನ ಕೊಡೆ

ಗುಲಾಬಿ ಪುಡಿ ಮತ್ತೆ ತೋಳಿನ ಮೇಲೆ, ಎಷ್ಟು ಕೊಡವಿದರೂ ಹೋಗದ ಪುಡಿ, ಒಸಡಿನ ಬಣ್ಣ, ತೋಳಿನ ಮೇಲೆ, ಕೂದಲಲ್ಲಿ, ಊಟದ ಡಬ್ಬಿಯ ಮುಚ್ಚಳದ ಸಂದಿನಲ್ಲಿ, ಯಾರ್ಯಾರದೋ ಬಾಯಿಗೆ ಹೋಗಬೇಕಾದದ್ದು ನನ್ನ ಮೈಮೇಲೇ ಕೂತಿದೆ ಅಂದುಕೊಂಡಳು, ಉಜ್ಜುವ ಯಂತ್ರ ನಿಲ್ಲಿಸಿದಳು, ಗಡಿಯಾರ ನೋಡಿದಳು — ಮೂರು ಇಪ್ಪತ್ತು, ಅಣ್ಣ ನಾಲ್ಕಕ್ಕೆ ಬರುತ್ತಾನೆ, ಐದೂವರೆಗೆ ಅವನ ರೈಲು. ಕೆಳಗಿನ ಕಟ್ಟುಹಲ್ಲಿನ ಸೆಟ್ಟು ಬಲಗಡೆ ಒತ್ತುತ್ತಿದೆಯಂತೆ, ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಲ್ಯಾಬಿಗೆ ಬಂದು ತೋರಿಸುತ್ತಾನಂತೆ, ಊರಿಗೆಲ್ಲ ಹಲ್ಲು ಕಟ್ಟಿಕೊಡುವ ತಂಗಿಯಿದ್ದೂ ನನ್ನ ಹಲ್ಲೇ ನನಗೆ ಚುಚ್ಚಿದರೆ ಹೇಗೆ ಎಂದು ಫೋನಿನಲ್ಲಿ ನಕ್ಕಿದ್ದ, ನಗುವಿನ ನಡುವೆ ಎರಡು ಸಲ ಉಸಿರು ಎಳೆದುಕೊಂಡಿದ್ದ, ಆ ಉಸಿರು ಅವಳಿಗೆ ಕೇಳಿಸಿತ್ತು. ಅದಕ್ಕೂ ಮೊದಲು, ಬೆಳಿಗ್ಗೆ, ಅತ್ತಿಗೆಯ ಫೋನು — ನೀನಾದ್ರೂ ಒಂದು ಮಾತು ಹೇಳಮ್ಮ, ನಾನು ಹೇಳಿದ್ದು ಅವರ ಕಿವಿಗೇ ಬೀಳಲ್ಲ, ಎರಡು ಮಹಡಿ ಹತ್ತಬೇಡಿ ಅಂತ ಡಾಕ್ಟ್ರು ಹೇಳಿದಾರೆ, ಇವರು ಬೆಟ್ಟ ಹತ್ತೋಕೆ ಹೊರಟಿದಾರೆ, ಒಂದು ತುಕ್ಕು ಹಿಡಿದ ಡಬ್ಬಿಗೋಸ್ಕರ. ಅತ್ತಿಗೆಗೆ ಅದು ತುಕ್ಕು ಹಿಡಿದ ಡಬ್ಬಿ, ಅಣ್ಣನಿಗೆ ಮೂವತ್ತೆಂಟು ವರ್ಷ ಹುಡುಕಿದ ಜಪಾನಿ ಚಿತ್ರದ ಕೊನೆಯ ರೀಲು, ಆ ರೀಲಿನಲ್ಲಿ ಒಂದು ಕೆಂಪು ಕೊಡೆ ಇದೆ, ಇದೆ ಎಂದು ಹೇಳಿದವಳು ತಾನು, ಈ ಭೂಮಿಯ ಮೇಲೆ ಹಾಗೆ ಹೇಳಿದವಳು ತಾನೊಬ್ಬಳೇ.

ಇಪ್ಪತ್ತು ವರ್ಷ ಆಗ ಅವಳಿಗೆ, ಇದೇ ಲ್ಯಾಬಿನಲ್ಲಿ ಕೆಲಸ ಕಲಿಯುವವಳು, ಪ್ಲಾಸ್ಟರ್ ಕಲಸಿ ಕಲಸಿ ಬೆರಳ ಸಂದಿಗಳೆಲ್ಲ ಬಿರಿದಿದ್ದವು, ಜೊತೆಯವಳು ರಜೆ ಹಾಕಿದ್ದರಿಂದ ಎರಡು ಪಾಳಿ ಒಬ್ಬಳೇ ಮಾಡಿದ್ದಳು, ಅಣ್ಣ ಟೆಲಿಫೋನಿನ ಲೈನ್‌ಮನ್, ಕಂಬದಿಂದ ಬಿದ್ದು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ, ಕಾಲಿಗೆ ತೂಕ ಕಟ್ಟಿ ಮೇಲಕ್ಕೆ ಎಳೆದಿದ್ದರು. ನೋವಿಗೆ ಅಳದವನು ಆ ಚಿತ್ರ ತಪ್ಪಿಹೋಗುತ್ತಲ್ಲ ಎಂದು ಅಳುವ ಹಾಗಾಗಿದ್ದ. ಫಿಲ್ಮ್ ಸೊಸೈಟಿಯಲ್ಲಿ ಒಂದೇ ಆಟ, ಊರಿಂದೂರಿಗೆ ಸುತ್ತುತ್ತಿದ್ದ ಒಂದೇ ಪ್ರಿಂಟು, ಮಾರನೆಯ ದಿನ ಬೆಟ್ಟದೂರಿನ ಟಾಕೀಸಿಗೆ ಹೋಗಬೇಕಾದದ್ದು. ಪುಟ್ಟೀ, ನೀನು ಹೋಗಿ ನೋಡ್ಕೊಂಡು ಬಾ, ಒಂದೂ ಬಿಡದ ಹಾಗೆ ಬಂದು ನಂಗೆ ಹೇಳು, ನಿನ್ನ ಕಣ್ಣಲ್ಲೇ ನಾನು ನೋಡ್ತೀನಿ — ಹೋಗದೆ ಇರುವುದು ಹೇಗೆ, ಹೋದಳು, ಒಳಗೆ ಕತ್ತಲು, ಬಾಗಿಲ ಮೇಲಿನ ಕೆಂಪು ಬಲ್ಬು ಸುಟ್ಟುಹೋಗಿದೆ ಗೋಡೆ ಹಿಡ್ಕೊಂಡು ಬನ್ನಿ ಎಂದು ಸೊಸೈಟಿಯ ಕಾರ್ಯದರ್ಶಿ ದಾರಿ ತೋರಿಸಿದ್ದರು, ಇದ್ದದ್ದೇ ಆರು ಜನ, ಚಿತ್ರಕ್ಕೆ ಸಬ್‌ಟೈಟಲ್ ಇಲ್ಲ, ರೀಲು ಬದಲಾಯಿಸುವಾಗ ಮೂವರು ಎದ್ದುಹೋದರು. ಕಪ್ಪು ಬಿಳುಪು. ಸಾರ್ವಜನಿಕ ಸ್ನಾನದ ಮನೆಯಲ್ಲಿ ಒಲೆ ಉರಿಸುವ ಒಬ್ಬಳು ಹುಡುಗಿ, ಅವಳ ಅಣ್ಣ ಗಣಿಯ ಕೆಲಸಕ್ಕೆ ಹೊರಡುತ್ತಾನೆ, ಒಲೆ, ಹೊಗೆ, ಕಿಟಕಿ, ಇಷ್ಟನ್ನು ಕಣ್ಣು ಕೀಲಿಸಿ ನೋಡಿದಳು, ಆಮೇಲೆ ಕುರ್ಚಿಯ ಹಿಡಿಗೆ ತಲೆ ಒರಗಿತು, ನಿದ್ದೆ, ಬರೀ ನಿದ್ದೆ — ನಡುವೆ ಒಮ್ಮೆ ಕಣ್ಣು ಬಿಟ್ಟಳು. ಮಳೆ, ನಾಲ್ಕು ದಾರಿ ಕೂಡುವ ಜಾಗ, ಒಬ್ಬ ಹೆಂಗಸು, ಅವಳ ಕೈ ಕೊಡೆ ಮಡಚುತ್ತಿದೆ, ಕೊಡೆ ಕೆಂಪು. ಮತ್ತೆ ರೆಪ್ಪೆ ಬಿತ್ತು. ಏಳಮ್ಮ ಮುಗೀತು ಎಂದು ಕಾರ್ಯದರ್ಶಿ ಎಬ್ಬಿಸಿದಾಗ ಪರದೆ ಖಾಲಿಯಿತ್ತು.

ಆಸ್ಪತ್ರೆಗೆ ನಡೆದುಕೊಂಡು ಹೋದಳು, ನಿದ್ದೆ ಮಾಡಿಬಿಟ್ಟೆ ಅಣ್ಣ ಎಂದು ಹೇಳಲೇಬೇಕು ಅಂತಲೇ ಹೋದಳು, ಅವನು ದಿಂಬಿಗೆ ಮೊಣಕೈ ಊರಿ ಅರ್ಧ ಎದ್ದು ಕೂತಿದ್ದ, ತಲೆ ಬಾಚಿಸಿಕೊಂಡಿದ್ದ, ಯಾರ ಕೈಯಲ್ಲಿ ಬಾಚಿಸಿಕೊಂಡನೋ, ಸಿನಿಮಾ ಹಾಲಿಗೆ ಹೊರಟವನ ಹಾಗೆ. ಆ ಬಾಚಿದ ತಲೆ ನೋಡಿ ನಿದ್ದೆಯ ಮಾತು ಹೇಳಲಾಗಲಿಲ್ಲ. ಒಲೆ ಹೇಳಿದಳು, ಹೊಗೆ ಹೇಳಿದಳು, ಆಮೇಲೆ? ಅಂದ. ಆಮೇಲೆ ಗಣಿಯಲ್ಲಿ ಕುಸಿತವಾಯ್ತು, ಅಂದಳು, ಯಾರು ಹೇಳಿಕೊಟ್ಟರೋ, ನಾಲಿಗೆ ತಾನಾಗಿಯೇ ಹೊರಳಿತು, ಅಣ್ಣ ಸತ್ತ ಅಂತ ಎಲ್ಲರೂ ಅಂದರು, ತಂಗಿ ನಂಬಲಿಲ್ಲ, ದಿನಾ ಆ ದಾರಿ ಕೂಡುವ ಜಾಗದಲ್ಲಿ ಕಾದಳು, ಕೊನೆಗೊಂದು ದಿನ ಮಳೆಯಲ್ಲಿ ಅವನು ದೂರದಿಂದ ಬರುತ್ತಿದ್ದಾನೆ, ಇವಳ ಹತ್ತಿರ ಕೆಂಪು ಕೊಡೆ, ಅವನಿಗೆ ತನ್ನ ಮುಖ ಕಾಣಲಿ ಅಂತ ಕೊಡೆ ಮಡಚಿ ಮಳೆಯಲ್ಲಿ ನಿಂತಳು, ಅಷ್ಟೇ, ಮುಗಿಯಿತು. ಅಣ್ಣ ಗೋಡೆಯ ಕಡೆ ಮುಖ ಮಾಡಿದ. ಅವಳು ಅವತ್ತೇ ಹೇಳಿಬಿಡಬಹುದಿತ್ತು, ಮಾರನೆಯ ದಿನವಾದರೂ, ಮಾರನೆಯ ದಿನ ಅವನು ಕಾಗದ ಪೆನ್ನು ತರಿಸಿಕೊಂಡು ಬರೆಯುತ್ತಿದ್ದ, ಸೊಸೈಟಿಯ ಪತ್ರಿಕೆಗೆ ನಾಲ್ಕು ಪುಟ, ಮುಖ ಕಾಣಲೆಂದು ಮಡಚಿದ ಕೊಡೆ ಎಂದು ಅದಕ್ಕೆ ತಲೆಬರಹ.

ನಾಲ್ಕು ಪುಟ ಪತ್ರಿಕೆಯಲ್ಲೇ ಇದ್ದಿದ್ದರೆ ಇಲಿ ತಿನ್ನುತ್ತಿತ್ತು, ಯಾರಿಗೆ ಏನು ನಷ್ಟ, ಆದರೆ ಪ್ರಿಂಟು ಬೆಟ್ಟದೂರಿಗೆ ಹೋದದ್ದು ಹಿಂದಕ್ಕೆ ಬರಲಿಲ್ಲ, ಜಪಾನಿನಲ್ಲೂ ಉಳಿದಿಲ್ಲವಂತೆ, ಆ ಚಿತ್ರದ ಬಗ್ಗೆ ಬರೆದವನು ಅಣ್ಣನೊಬ್ಬನೇ. ಇಂಟರ್ನೆಟ್ ಬಂದಮೇಲೆ ಹಳೇ ಜಪಾನಿ ಚಿತ್ರಗಳ ಹುಚ್ಚು ಹಿಡಿದವರ ಗುಂಪೊಂದು ಆ ನಾಲ್ಕು ಪುಟ ಹುಡುಕಿ ತೆಗೆಯಿತು, ಯಾರೋ ಅದನ್ನು ಇಂಗ್ಲಿಷಿಗೆ ಮಾಡಿದರು, ಇನ್ಯಾರೋ ಸ್ಪ್ಯಾನಿಷಿಗೆ, ಅವಳ ಸುಳ್ಳು ಅವಳಿಗೇ ಗೊತ್ತಿಲ್ಲದ ಭಾಷೆಗಳಲ್ಲಿ ಓಡಾಡಿತು. ಪಿಂಚಣಿ ಬಂದ ದಿನದಿಂದ ಅಣ್ಣನಿಗೆ ಅದೇ ಉದ್ಯೋಗ, ಬೆಳಿಗ್ಗೆ ಎದ್ದರೆ ಗುಂಪು, ಕಾಫಿ ಆರಿದರೂ ಗುಂಪು. ಕಪ್ಪು ಬಿಳುಪಿನ ಚಿತ್ರದಲ್ಲಿ ಕೆಂಪು ಕೊಡೆ ಎಲ್ಲಿಂದ ಬಂತು ಎಂದು ಗುಂಪಿನಲ್ಲಿ ಮೊದಲು ಕೇಳಿದವನು ಒಬ್ಬ ನಿವೃತ್ತ ಗುಮಾಸ್ತ, ಅಣ್ಣ ಅವನಿಗೆ ತಕರಾರು ಮಾಸ್ತರ ಎಂದೇ ಹೆಸರಿಟ್ಟಿದ್ದ. ಬಾಗಿಲ ಮೇಲಿನ ದೀಪದ ಕೆಂಪು ಪರದೆಗೆ ಬಿದ್ದಿರಬೇಕು, ನಿದ್ದೆಗಣ್ಣಿನ ಪ್ರೇಕ್ಷಕರಿಗೆ ಹೀಗಾಗುತ್ತದೆ ಎಂದು ಆ ಪುಣ್ಯಾತ್ಮ ಬರೆದಿದ್ದ, ನಿದ್ದೆಗಣ್ಣು ಎಂಬ ಮಾತನ್ನು ಅವಳು ಮತ್ತೆ ಮತ್ತೆ ಓದಿದ್ದಳು. ಅಣ್ಣ ಬಿಟ್ಟಾನೆಯೇ, ಉತ್ತರ ಬರೆದ — ಆಗಿನ ಕಾಲಕ್ಕೆ ಕೊನೆಯ ರೀಲೊಂದನ್ನೇ ಬಣ್ಣದಲ್ಲಿ ತೆಗೆದ ಚಿತ್ರಗಳಿದ್ದವು, ನೋಡಿದವಳು ನನ್ನ ತಂಗಿ, ಹಲ್ಲು ಕಟ್ಟುವವಳು, ಹದಿನಾರು ಬಗೆಯ ಬಿಳಿಯಲ್ಲಿ ಯಾವ ಬಿಳಿ ಯಾರ ಹಲ್ಲಿನದು ಎಂದು ಕಿಟಕಿ ಬೆಳಕಲ್ಲಿ ಹೇಳುತ್ತಾಳೆ, ಅವಳ ಕಣ್ಣು ಬಣ್ಣದ ವಿಷಯದಲ್ಲಿ ತಪ್ಪುವುದಿಲ್ಲ. ಅಲ್ಲಿಗೆ ಅವಳ ಕಣ್ಣೇ ಸಾಕ್ಷಿಯಾಯಿತು. ಹೋದ ವರ್ಷ ಯಾವುದೋ ದೇಶದ ಉಗ್ರಾಣದಲ್ಲಿ ಚಿತ್ರದ ಮೊದಲ ನಲವತ್ತು ನಿಮಿಷ ಸಿಕ್ಕಾಗ ಒಲೆ, ಹೊಗೆ, ಕಿಟಕಿ ಎಲ್ಲ ಅವಳು ಹೇಳಿದ ಹಾಗೇ ಇದ್ದವು, ಎದ್ದಿದ್ದಷ್ಟು ಹೊತ್ತು ಸರಿಯಾಗಿಯೇ ನೋಡಿದ್ದಳಲ್ಲ, ನೋಡ್ರಪ್ಪ ಅಂದ ಅಣ್ಣ ಗುಂಪಿಗೆಲ್ಲ, ತಕರಾರು ಮಾಸ್ತರನೂ ಬಾಯಿ ಮುಚ್ಚಿಕೊಂಡ. ಸುಳ್ಳಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಅವಳು ಬೇರೆಲ್ಲೂ ಕಂಡಿಲ್ಲ, ಮತ್ತೆ ಅದನ್ನು ಹೊತ್ತು ಸುಸ್ತಾದಷ್ಟು ಇನ್ಯಾವುದಕ್ಕೂ ಸುಸ್ತಾಗಿಲ್ಲ, ಎರಡು ಪಾಳಿಗೂ ಇಲ್ಲ.

ಈಗ ಬೆಟ್ಟದೂರು. ಅಲ್ಲಿನ ಸಂಗೀತದ ಮೇಷ್ಟ್ರೊಬ್ಬರು, ಅವರೂ ಗುಂಪಿನವರೇ, ಹಳೇ ಟಾಕೀಸಿನ ಅಟ್ಟದಲ್ಲಿ ಒಂದು ಡಬ್ಬಿ ನೋಡಿದ್ದಾರಂತೆ, ಮೇಲೆ ಜಪಾನಿ ಅಕ್ಷರ, ಕೊನೆಯ ಭಾಗ ಎಂದು ಚೀಟಿ. ಟಾಕೀಸು ಸೋಮವಾರ ಕೆಡವುತ್ತಾರೆ, ಅಷ್ಟರೊಳಗೆ ಸೊಸೈಟಿಯವರೇ ಬಂದು ಕೇಳಿದರೆ ಕೊಡುತ್ತೇನೆ, ಇಲ್ಲದಿದ್ದರೆ ಗುಜರಿಗೆ ಎಂದು ಯಜಮಾನ ಹಟ ಹಿಡಿದಿದ್ದಾನೆ, ಸೊಸೈಟಿಯವರು ಅಂದರೆ ಉಳಿದಿರುವವನು ಅಣ್ಣ ಒಬ್ಬ. ರೈಲು ಇಳಿದು ಬಸ್ಸು, ಬಸ್ಸು ಇಳಿದು ಇನ್ನೂರು ಮೆಟ್ಟಿಲು. ನೀನು ಬರೆದುಕೊಟ್ಟ ಚೀಟಿ ತಗೊಂಡು ನಾನು ಹೋಗ್ತೀನಿ ಅಣ್ಣ ಎಂದು ಮೊನ್ನೆ ಅಂದಿದ್ದಳು. ನೀನು ಹೋದ್ರೆ ನೋಡಿದವಳೇ ಇನ್ನೊಂದು ಸಲ ನೋಡಿದ ಹಾಗಾಯ್ತು, ನೋಡದೆ ಇರೋನು ನಾನು ಕಣೇ, ಅಂದಿದ್ದ. ಅವನ ಎದೆ ಆ ಮೆಟ್ಟಿಲು ತಡೆಯುವುದಿಲ್ಲ, ಇದು ಡಾಕ್ಟರಿಗೆ ಗೊತ್ತು, ಅತ್ತಿಗೆಗೆ ಗೊತ್ತು, ಅವನಿಗೂ ಗೊತ್ತು, ಆದರೆ ಅವನನ್ನು ನಿಲ್ಲಿಸುವ ಮಾತು ಇರುವುದು ತನ್ನೊಬ್ಬಳ ಹೊಟ್ಟೆಯಲ್ಲಿ, ಇವತ್ತು ನಾಲ್ಕರಿಂದ ಐದರೊಳಗೆ ಅದು ಹೊರಗೆ ಬರಬೇಕು.

ಬಂದ. ಬಾಗಿಲಲ್ಲಿ ನಿಂತ, ಚೌಕಟ್ಟು ಹಿಡಿದು, ಮಾತಾಡುವ ಮೊದಲು ಒಂದಷ್ಟು ಉಸಿರು ಕೂಡಿಸಿಕೊಂಡ, ಲ್ಯಾಬಿಗೆ ಇರುವುದು ಎಂಟೇ ಮೆಟ್ಟಿಲು. ತಲೆ ಬಾಚಿದ್ದಾನೆ, ನೀರು ಹಾಕಿ, ಬೈತಲೆ ತೆಗೆದು. ಅದನ್ನು ನೋಡಬಾರದಿತ್ತು ಅವಳು. ಕೂತ್ಕೋ, ತೆಗಿ ಹಲ್ಲು, ಅಂದಳು, ಅವನು ಚೀಲ ಕಾಲ ಬಳಿ ಇಟ್ಟು ಎರಡೂ ಸೆಟ್ಟು ತೆಗೆದು ಅವಳ ಅಂಗೈಗೆ ಹಾಕಿದ, ಬೆಚ್ಚಗಿದ್ದವು, ಅವನ ಮುಖ ತಟ್ಟನೆ ಒಳಗೆ ಕುಸಿದು ಅಪ್ಪನ ಮುಖವಾಯಿತು. ಹಲ್ಲಿಲ್ಲದ ಬಾಯಲ್ಲೇ ಮಾತು ಶುರು, ಮೇಷ್ಟ್ರು ಸ್ಟೇಷನ್ನಿಗೆ ಬರ್ತಾರೆ, ಮೆಟ್ಟಿಲಿಗೆ ಕುರ್ಚಿ ಹೊರೋರು ಸಿಗಬಹುದು, ಗುಂಪಿನವರೆಲ್ಲ ಕಾಯ್ತಿದಾರೆ, ತಕರಾರು ಮಾಸ್ತರ ಕೂಡ ಹುಷಾರಾಗಿ ಹೋಗಿಬನ್ನಿ ಅಂತ ಬರೆದಿದಾನೆ ನೋಡು. ಅವಳು ಒತ್ತುವ ಜಾಗಕ್ಕೆ ಪೆನ್ಸಿಲಿನ ಗುರುತು ಹಾಕಿದಳು, ಯಂತ್ರಕ್ಕೆ ಕೈ ಚಾಚಿದಳು, ಚಾಲೂ ಮಾಡಲಿಲ್ಲ. ಅಣ್ಣಾ, ಅವತ್ತು ನಾನು ನಿದ್ದೆ ಮಾಡಿಬಿಟ್ಟಿದ್ದೆ.

ಯಾವತ್ತು, ಅಂದ. ಆಮೇಲೆ ಕೇಳಲಿಲ್ಲ, ಅರ್ಥವಾಯಿತು. ಅವಳೇ ಹೇಳಿದಳು, ಒಲೆ ಮತ್ತೆ ಕಿಟಕಿ ನೋಡಿದ್ದೆ, ಗಣಿ ಕುಸಿದಿದ್ದು ನೋಡಿಲ್ಲ, ಆ ಹುಡುಗಿಯ ಅಣ್ಣ ವಾಪಸ್ಸು ಬಂದಿದ್ದು ನೋಡಿಲ್ಲ, ಎಲ್ಲ ನಾನೇ ಕಟ್ಟಿದ್ದು, ಮಂಚದ ಪಕ್ಕ ನಿಂತ್ಕೊಂಡು. ದಣಿದ ಧ್ವನಿ, ದಿನದ ಕೆಲಸದ ಲೆಕ್ಕ ಒಪ್ಪಿಸುವವಳ ಧ್ವನಿ. ಅಣ್ಣ ತನ್ನ ಹಲ್ಲುಗಳನ್ನೇ ನೋಡುತ್ತಿದ್ದ, ಅವಳ ಅಂಗೈಯಲ್ಲಿದ್ದವನ್ನು. ಮುಖ ಕಾಣಲಿ ಅಂತ ಕೊಡೆ ಮಡಚಿದ್ದು? — ಅದೂ ನಾನೇ. — ಅದು ಚೆನ್ನಾಗಿತ್ತು, ಅಂದ. ಆಮೇಲೆ ಅವನು ಬಗ್ಗಿ ಚೀಲದ ಹಿಡಿಗೆ ಕೈ ಹಾಕಿದ. ಆದ್ರೆ ಕೊಡೆ ನೋಡಿದೆ ತಾನೇ ಪುಟ್ಟಿ, ಕೆಂಪಗಿತ್ತು ತಾನೇ, ಕಥೆ ಹೋದ್ರೆ ಹೋಗಲಿ, ಆ ಕೆಂಪು ಇದ್ರೆ ಸಾಕು, ಅದನ್ನ ನೋಡೋಕಾದ್ರೂ ನಾನು ಹೊರಡ್ತೀನಿ.

ಕೆಂಪಗಿತ್ತು. ಇಷ್ಟು ವರ್ಷದಲ್ಲಿ ಅವಳು ಅವನಿಗೆ ಹೇಳಿದ್ದರಲ್ಲಿ ಅದೊಂದೇ ಅಪ್ಪಟ ನಿಜ, ಬಲ್ಬು ಸುಟ್ಟುಹೋಗಿತ್ತು, ಗೋಡೆ ಹಿಡಿದುಕೊಂಡು ಹೋಗಿದ್ದಳು, ಆ ಕತ್ತಲೆ ಹಾಲಿನಲ್ಲಿ ಕೆಂಪು ಬರಲು ಪರದೆ ಬಿಟ್ಟರೆ ಬೇರೆ ಜಾಗವೇ ಇರಲಿಲ್ಲ, ಡಬ್ಬಿ ಅದೇ ಡಬ್ಬಿ, ಸೋಮವಾರ ಗುಜರಿಗೆ ಹೋಗುವುದು ಅದೇ ಕೊಡೆ, ಅವನು ಹೋದರೆ ಸಿಕ್ಕೇ ಸಿಗುತ್ತದೆ, ಸಿಗುವ ಮೊದಲು ಇನ್ನೂರು ಮೆಟ್ಟಿಲು. ಬಾಗಿಲ ಮೇಲೊಂದು ದೀಪ ಇತ್ತಲ್ಲ ಅಣ್ಣ, ಅಂದಳು, ಕೆಂಪು ಬಲ್ಬು, ಅದು ಉರೀತಿತ್ತು, ಅದರ ಬೆಳಕು ಬಿದ್ದಿತ್ತು ಪರದೆ ಮೇಲೆ, ಆ ತಕರಾರು ಮಾಸ್ತರ ಹೇಳಿದ್ದೇ ಸರಿ, ಕೊಡೆಗೆ ಬಣ್ಣ ಇರಲಿಲ್ಲ.

ಅವನು ಅವಳ ಕಣ್ಣು ನೋಡಿದ. ಬಣ್ಣದ ವಿಷಯದಲ್ಲಿ ತಪ್ಪದ ಕಣ್ಣು, ಜಗತ್ತಿಗೆಲ್ಲ ಸಾಕ್ಷಿ ಹೇಳಿದ ಕಣ್ಣು, ಅದನ್ನು ಅವಳು ತಗ್ಗಿಸಲಿಲ್ಲ. ಹೌದಾ, ಅಂದ. ಹಿಡಿಯಿಂದ ಕೈ ತೆಗೆದ, ಕಾಲಿನಿಂದ ಚೀಲವನ್ನು ಮೆಲ್ಲಗೆ ಮೇಜಿನ ಕೆಳಕ್ಕೆ ದೂಡಿದ, ಕುರ್ಚಿಗೆ ಬೆನ್ನು ಒರಗಿಸಿದ, ಬಾಚಿದ ತಲೆಯ ಮೇಲೊಮ್ಮೆ ಕೈ ಆಡಿಸಿಕೊಂಡ. ಹಂಗಾದ್ರೆ ನಿಧಾನಕ್ಕೆ ಮಾಡು ಪುಟ್ಟಿ, ಅವಶರ ಇಲ್ಲ, ಹಲ್ಲಿಲ್ಲದ ಬಾಯಿಗೆ ಅವಸರ ಅನ್ನುವುದು ಬರಲಿಲ್ಲ. ಅವಳು ಯಂತ್ರ ಹಾಕಿದಳು, ಗುಲಾಬಿ ಪುಡಿ ಏಳುತ್ತಿದೆ, ಗುರುತು ಅಳಿಸುವಷ್ಟು ತೆಗೆದರೆ ಸಾಕು, ಗಡಿಯಾರ ಐದು ದಾಟುತ್ತದೆ, ಐದೂವರೆ ದಾಟುತ್ತದೆ, ಅತ್ತಿಗೆಗೆ ಫೋನು ಮಾಡಬೇಕು, ಅಣ್ಣ ಕಣ್ಣು ಮುಚ್ಚಿದ್ದಾನೆ, ನಿದ್ದೆಯೋ ಏನೋ, ಉಸಿರು ಆಡುತ್ತಿದೆ, ಪುಡಿ ತೋಳಿನ ಮೇಲೆ, ರೆಪ್ಪೆಯ ಮೇಲೆ, ಒರೆಸಿಕೊಳ್ಳಲು ಕಣ್ಣು ಮುಚ್ಚಿದಳು — ಮಳೆ, ನಾಲ್ಕು ದಾರಿ ಕೂಡುವ ಜಾಗ, ಕೊಡೆ ಮಡಚುವ ಕೈ, ಕೊಡೆ, ಕೆಂಪು ಕೊಡೆ, ಕೆಂಪು