ಖಾಲಿ ಹೊಟ್ಟೆ: ಹೌದು

ದಾಕ್ಷಾಯಣಿಗೆ ಗಂಡಸರ ಮೇಲಿದ್ದ ಗೌರವ ಹೋಗಿ ಎಷ್ಟೋ ಕಾಲವಾಗಿತ್ತು. ಈ ಅಧ್ಯಯನದ ಕೆಲಸಕ್ಕೆ ಸೇರಿದ ಮೇಲೆ ಕನಿಕರವೂ ಹೋಯಿತು.

ತುಮಕೂರಿನ ಒಂದು ಖಾಸಗಿ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಅವಳದೊಂದು ಕೋಣೆ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹಬ್ಬಿದ್ದ ಹದಿನೆಂಟು ಗಂಡಸರು ತಿಂಗಳಿಗೊಮ್ಮೆ ಅಲ್ಲಿಗೆ ಬರುತ್ತಿದ್ದರು. ಆ ಕ್ಯಾನ್ಸರು ಬೆಳೆಯುವುದೇ ಗಂಡಸಿನ ಹಾರ್ಮೋನಿನಿಂದ. ಮೂರು ತಿಂಗಳಿಗೊಂದು ಇಂಜೆಕ್ಷನ್ ಕೊಟ್ಟು ಅದನ್ನು ನಿಲ್ಲಿಸುವುದು, ಅಲ್ಲಿ ಇಲ್ಲಿ ಅಳಿದುಳಿದದ್ದನ್ನು ದಿನಕ್ಕೆ ನಾಲ್ಕು ಮಾತ್ರೆ ಕೊಟ್ಟು ತಡೆಯುವುದು, ನಮ್ಮ ಕಡೆಯ ಜನಕ್ಕೆ ಆ ಮಾತ್ರೆ ಹೇಗೆ ಒಗ್ಗುತ್ತದೆ ಎಂದು ಮೂರು ವರ್ಷ ಬರೆದಿಡುವುದು, ಇಷ್ಟೇ ಅಧ್ಯಯನ. ಸೇರಿದವರಿಗೆ ಮಾತ್ರೆ ಪುಕ್ಕಟೆ. ಹೊರಗೆ ಕೊಂಡು ತಿನ್ನುವ ತಾಕತ್ತು ಆ ಹದಿನೆಂಟು ಮಂದಿಯಲ್ಲಿ ಒಬ್ಬರಿಗೂ ಇರಲಿಲ್ಲ.

ಹಾರ್ಮೋನು ನಿಂತರೆ ಮೈ ಇದ್ದಕ್ಕಿದ್ದಂತೆ ಬಿಸಿಯಾಗಿ ಬೆವರು ಕಿತ್ತುಕೊಳ್ಳುತ್ತದೆ. ಕುಣಿಗಲ್ಲಿನ ಕಿರಾಣಿ ವ್ಯಾಪಾರಿ ಸದಾಶಿವಯ್ಯನಂತೂ ಟವೆಲ್ಲಿನಲ್ಲಿ ಗಾಳಿ ಹಾಕಿಕೊಳ್ಳುತ್ತಲೇ ಒಳಗೆ ಬರುತ್ತಿದ್ದ.

"ಒಳಗೆ ಬೆಂಕಿ ಇಟ್ಟಂಗಾಗ್ತದೆ ಸಿಸ್ಟರ್. ಹೆಂಗೆ ತಡ್ಕೊಳಾದು?"

"ನಿಮ್ಮ ಮನೆಯೋರಿಗೂ ಐವತ್ತು ದಾಟಿದಾಗ ಹಿಂಗೇ ಆಗಿರುತ್ತಲ್ಲ. ಅವರು ತಡ್ಕೊಳ್ಲಿಲ್ವಾ?"

"ಅವಳ್ಗಾ? ಏನೋಪ್ಪ, ನಂಗೊತ್ತಿಲ್ಲ."

"ಗೊತ್ತಿರಲ್ಲ ಬಿಡಿ," ಎಂದು ದಾಕ್ಷಾಯಣಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದಳು. ತನಗೆ ಅದೇ ಬಿಸಿ ಏರಿದ ವರ್ಷ ಐಸಿಯುನಲ್ಲಿ ಹನ್ನೆರಡು ಗಂಟೆ ನಿಂತು ಡ್ಯೂಟಿ ಮಾಡಿದವಳು ಅವಳು. ಗಂಡಸ್ತನದ ಪ್ರಶ್ನೆ ಬಂದರೆ ಇವರಿಗೆಲ್ಲ ಕೆಮ್ಮು. ಒಬ್ಬ ಫ್ಯಾನು ನೋಡುತ್ತಾನೆ, ಇನ್ನೊಬ್ಬ "ಅದೊಂದು ಬಿಟ್ಬುಡಿ ತಾಯಿ" ಅನ್ನುತ್ತಾನೆ. ಥೂ, ಮನೆಯಲ್ಲಿ ಹುಲಿಗಳು, ಇಲ್ಲಿ ಬಂದರೆ ಇಷ್ಟೇ. ಅವಳು 'ಉತ್ತರಿಸಲಿಲ್ಲ' ಎಂದು ಬರೆದು ಪುಟ ತಿರುಗಿಸುತ್ತಿದ್ದಳು.

ಅಧ್ಯಯನದ ಯಜಮಾನ ಡಾಕ್ಟರ್ ಗುರುಪ್ರಸಾದ್ ಮೇಲೂ ಅವಳಿಗೆ ಅಷ್ಟೇ ಗೌರವ. ಹದಿನೆಂಟು ಮಂದಿಯ ಹಾಳೆಗೂ ಆತ ಒಂದೇ ಸಲ ಕೂತು, ಫೋನಿನಲ್ಲಿ ಮಾತಾಡುತ್ತಾ ಸಹಿ ಹಾಕುತ್ತಿದ್ದ. ಬೆಂಗಳೂರಿನ ಸಮ್ಮೇಳನಗಳಲ್ಲಿ ಮಾತ್ರ ಕೋಟು ತೊಟ್ಟು "ನನ್ನ ರೋಗಿಗಳು" ಎನ್ನುತ್ತಿದ್ದ. ಆ ರೋಗಿಗಳು ರಸ್ತೆಯಲ್ಲಿ ಎದುರಾದರೆ ಗುರುತು ಹಿಡಿಯಲಾರ, ಪುಣ್ಯಾತ್ಮ.

ಪ್ರತಿ ಭೇಟಿಗೂ ಮೂವತ್ತೊಂದು ಪ್ರಶ್ನೆ. ಒಂಬತ್ತನೆಯದು: ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡಿರಾ? ಅದೇ ಎಲ್ಲಕ್ಕಿಂತ ಮುಖ್ಯ. ಉಂಡು ಎರಡು ಗಂಟೆ ಆಗಿರಬೇಕು, ಮಾತ್ರೆ ನುಂಗಿ ಒಂದು ಗಂಟೆ ಏನೂ ತಿನ್ನಬಾರದು. ಹೊಟ್ಟೆಯಲ್ಲಿ ತಿಂಡಿಯಿದ್ದರೆ, ಅದರಲ್ಲೂ ಹಾಲು ತುಪ್ಪವಿದ್ದರೆ, ಇದೇ ನಾಲ್ಕು ಮಾತ್ರೆ ಎಷ್ಟೋ ಪಟ್ಟು ಹೆಚ್ಚಾಗಿ ರಕ್ತಕ್ಕೆ ಸೇರಿ ಲಿವರಿಗೇ ಏಟು ಹಾಕುತ್ತದೆ. ದಾಕ್ಷಾಯಣಿಗೆ ಇದೆಲ್ಲ ಬಾಯಿಪಾಠ. "ಖಾಲಿ ಹೊಟ್ಟೆ ತಾನೆ?" ಎಂದು ಕೇಳುವಷ್ಟರಲ್ಲೇ ಅವಳ ಪೆನ್ನು 'ಹೌದು' ಎಂಬಲ್ಲಿ ಗೀಟು ಎಳೆದಿರುತ್ತಿತ್ತು.

ಮಹಾಲಿಂಗಯ್ಯ ಗುಬ್ಬಿ ತಾಲೂಕು ಕಡಬದವನು. ಮೂವತ್ತು ವರ್ಷ ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದು ರಿಟೈರಾದವನು. ಮೊದಲ ಸಲ ಬಂದಾಗ ಸೊಂಟದ ನೋವಿಗೆ ಕುರ್ಚಿಯಲ್ಲಿ ಕೂರಲಾರದೆ ಹೆಂಡತಿಯ ಹೆಗಲು ಹಿಡಿದು ನಿಂತೇ ಇದ್ದ. ಎರಡೇ ತಿಂಗಳಲ್ಲಿ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿ ಬಂದ. ಮಾತ್ರೆ ಅಷ್ಟು ಚೆನ್ನಾಗಿ ಹಿಡಿದಿತ್ತು. ದಾಕ್ಷಾಯಣಿಗೆ ಮಾತ್ರ ಅವನನ್ನು ಕಂಡರೆ ತಲೆ ಚಿಟ್ಟು ಹಿಡಿಯುತ್ತಿತ್ತು. ಮಾತ್ರೆ ತಗೊಂಡ ದಿನ ಒಂದು ಗೀಟು ಹಾಕಿ ಅಂತ ತಿಂಗಳಿಗೊಂದು ಪುಸ್ತಕ ಕೊಟ್ಟರೆ, ಇವನು ಅದರಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಗಂಟೆ ನಿಮಿಷ ಸಮೇತ ಏನೇನೋ ತುಂಬಿಸಿಕೊಂಡು ಬರುತ್ತಿದ್ದ. ಅದನ್ನು ಯಾರು ಓದುತ್ತಾರೆ? ಅವಳು ಗೀಟು ಎಣಿಸಿ, ಪುಟದ ಕೆಳಗೆ ಸಹಿ ಹಾಕಿ, ಬೀರುವಿಗೆ ಎಸೆಯುತ್ತಿದ್ದಳು.

ಮೂರನೇ ತಿಂಗಳಲ್ಲಿ ಅವನ ಲಿವರ್ ಪರೀಕ್ಷೆ ಏರಿತು. ಎರಡು ವಾರ ಮಾತ್ರೆ ನಿಲ್ಲಿಸಿದರು, ಇಳಿಯಿತು, ಮತ್ತೆ ಶುರು ಮಾಡಿದರು. ಐದನೇ ತಿಂಗಳಲ್ಲಿ, ಮಂಗಳವಾರ ಸಂಜೆ ಬಂದ ರಿಪೋರ್ಟಿನಲ್ಲಿ, ಇರಬೇಕಾದದ್ದಕ್ಕಿಂತ ಆರು ಪಟ್ಟು. ರಕ್ತದಲ್ಲಿ ಪೊಟ್ಯಾಷಿಯಂ ತಳ ಮುಟ್ಟಿತ್ತು, ಮೀನಖಂಡ ಹಿಡಿದುಕೊಂಡು ಮಲಗಲಾಗುತ್ತಿಲ್ಲ ಎಂದು ಅವನೇ ಹೇಳಿದ್ದ. ಎರಡನೇ ಸಲ ಏರಿದರೆ, ಕಾರಣ ಸಿಗದ ಹೊರತು, ಅಧ್ಯಯನದಿಂದ ಹೊರಗೆ ಎಂದು ಅಧ್ಯಯನದ ಮೇಲೆ ಕಣ್ಣಿಟ್ಟಿರುವ ಕಮಿಟಿಯ ನಿಯಮ. ಹೊರಗೆ ಅಂದರೆ ಮಾತ್ರೆ ಇಲ್ಲ. ಮಾತ್ರೆ ಇಲ್ಲ ಅಂದರೆ ಮತ್ತೆ ಆ ಸೊಂಟ, ಆ ಹೆಗಲು, ಆಮೇಲೆ ಹಾಸಿಗೆ.

"ಯಾವುದೋ ನಾಟಿ ಔಷಧಿ ಕುಡೀತಿದಾನೆ," ಎಂದ ಡಾಕ್ಟರ್ ಗುರುಪ್ರಸಾದ್ ಫೋನಿನಿಂದ ತಲೆಯೆತ್ತದೆ. "ಇವರಿಗೆಲ್ಲ ಒಂದು ಔಷಧಿ ಸಾಕಾಗಲ್ಲ. ತೆಗೆದುಹಾಕಿ."

ದಾಕ್ಷಾಯಣಿಗೂ ಹಾಗೇ ಅನ್ನಿಸಿತ್ತು. ಆದರೆ ಇವನ ಬಾಯಲ್ಲಿ ತಪ್ಪು ಒಪ್ಪಿಸದೆ ಬಿಟ್ಟರೆ ಅವಳ ಜೀವಕ್ಕೆ ಸಮಾಧಾನವಿಲ್ಲ. ಮನೆಗೇ ಹೋಗಿ ಕಷಾಯದ ಪಾತ್ರೆ ಸಮೇತ ಹಿಡಿಯುತ್ತೇನೆ ಎಂದುಕೊಂಡು ಬುಧವಾರ ಬೆಳಗ್ಗೆ ಮೊದಲ ಬಸ್ಸಿಗೇ ಗುಬ್ಬಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಕಡಬ ಸೇರಿದಳು. ಕೆರೆ ಏರಿಯ ಹತ್ತಿರ ಮನೆ. ಬಾಗಿಲು ತೆಗೆದವಳು ಅವನ ಹೆಂಡತಿ ಶಿವನಂಜಮ್ಮ.

"ಅಯ್ಯೋ ಸಿಸ್ಟರ್! ಬನ್ನಿ, ಬನ್ನಿ. ಪೂಜೇಲವ್ರೆ. ಕೂತ್ಕಳಿ."

ಕೂತಳೆ? ಕೂರಲಿಲ್ಲ. ಅಡುಗೆಮನೆ ಇಣುಕಿದಳು, ಕಿಟಕಿ ಸಂದಿ ನೋಡಿದಳು, ಮೂಗು ಅರಳಿಸಿದಳು. ಬೇರೂ ಇಲ್ಲ, ಸೊಪ್ಪೂ ಇಲ್ಲ, ಬಾಟ್ಲಿಯೂ ಇಲ್ಲ. ಉಪ್ಪಿಟ್ಟಿಗೆ ರವೆ ಹುರಿಯುವ ವಾಸನೆ ಮಾತ್ರ. ನಡುಮನೆಯಲ್ಲಿ ಮಹಾಲಿಂಗಯ್ಯ ಹಣೆತುಂಬ ವಿಭೂತಿ ಧರಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತಿದ್ದ. ಎದುರಿಗೆ ತಟ್ಟೆ. ತಟ್ಟೆಯಲ್ಲಿ ಒಂದು ಬಟ್ಟಲು ಹಾಲು, ಎರಡು ಬಾಳೆಹಣ್ಣು, ತುಪ್ಪ ಸುರಿದ ಬೆಲ್ಲ, ನಾಲ್ಕು ತುಂಡು ಕಾಯಿ. ಪಕ್ಕದಲ್ಲೇ, ಅವನ ನಾಲ್ಕು ಮಾತ್ರೆ.

ಪೂಜೆ ಮುಗಿಯಿತು. ಲಿಂಗವನ್ನು ಕೊರಳಿಗೆ ಹಾಕಿಕೊಂಡು, ತಟ್ಟೆಗೆ ಕೈ ಮುಗಿದು, ಹಣ್ಣು, ಬೆಲ್ಲ, ಕಾಯಿ ಎಲ್ಲ ನಿಧಾನವಾಗಿ ತಿಂದ. ಕೊನೆಗೆ ನಾಲ್ಕು ಮಾತ್ರೆ ಬಾಯಿಗೆ ಹಾಕಿ ಹಾಲು ಕುಡಿದ. ಗಡಿಯಾರ ನೋಡಿ ಪುಸ್ತಕ ತೆಗೆದು ಬರೆದುಕೊಂಡ.

"ಮಹಾಲಿಂಗಯ್ಯನೋರೆ!" ದಾಕ್ಷಾಯಣಿ ಕಿರುಚಿದಳು. "ಖಾಲಿ ಹೊಟ್ಟೇಲಿ ತಗೊಳ್ಳಿ ಅಂತ ಎಷ್ಟು ಸಲ ಹೇಳಿದೀನಿ ನಿಮ್ಗೆ?"

"ಖಾಲಿ ಹೊಟ್ಟೇಲೇ ತಗೊಂಡಿದ್ದು," ಎಂದ ಆತ ಬೆರಗಾಗಿ. "ಪೂಜೆ ಆಗೋವರ್ಗೂ ನಾನು ತೊಟ್ಟು ನೀರೂ ಮುಟ್ಟಲ್ಲ ಸಿಸ್ಟರ್."

"ಈಗ ತಿಂದ್ರಲ್ಲ, ಅದೇನು?"

"ಪ್ರಸಾದ."

"ಅದು ತಿಂದಂಗಲ್ವಾ?"

"ಪ್ರಸಾದಾನ ತಿಂಡಿ ಲೆಕ್ಕಕ್ಕೆ ಸೇರಿಸ್ತಾರಾ ಯಾರಾದ್ರೂ? ತಿಂಡಿ ಇನ್ನೂ ಆಗಿಲ್ಲ. ಇವಳು ಉಪ್ಪಿಟ್ಟು ಮಾಡ್ತಾವ್ಳೆ. ಒಂದು ಗಂಟೆ ಬಿಟ್ಟು ತಿಂತೀನಿ, ನೀವು ಹೇಳ್ದಂಗೆ."

ದಾಕ್ಷಾಯಣಿ ಈಗ ಕೂತಳು. ಹೆಬ್ಬೂರಿನ ಮನೆಯಲ್ಲಿ ಅವಳ ಅಪ್ಪ ಬದುಕಿದ್ದಷ್ಟು ದಿನವೂ ಹೀಗೇ. ಪೂಜೆ ಮುಗಿಸಿ ಇಷ್ಟೇ ದೊಡ್ಡ ಬಟ್ಟಲಿನ ಹಾಲು, ಇಷ್ಟೇ ಹಣ್ಣು ಮುಗಿಸಿ, "ಬೆಳಗ್ಗೆಯಿಂದ ಏನೂ ತಿಂದಿಲ್ಲ ಕಣವ್ವ, ರೊಟ್ಟಿ ಹಾಕು" ಅನ್ನುತ್ತಿದ್ದ. ನರ್ಸಿಂಗ್ ಹಾಸ್ಟೆಲಿನಲ್ಲಿ ಅದನ್ನು ಆಡಿ ತೋರಿಸಿ ಗೆಳತಿಯರನ್ನು ನಗಿಸಿದವಳು ಅವಳೇ. ತನ್ನ ಲಿಂಗವನ್ನು ಅದೇ ವರ್ಷ ಟ್ರಂಕಿನ ತಳಕ್ಕೆ ಹಾಕಿದ್ದಳು. ಪ್ರಸಾದ ತಿಂಡಿಯಲ್ಲ ಎಂಬ ಈ ಲೆಕ್ಕ ಆಸ್ಪತ್ರೆಯಲ್ಲಿ ಬೇರೆ ಯಾರಿಗೂ ತಿಳಿಯದಿದ್ದರೂ ಅವಳಿಗೆ ಹುಟ್ಟಿದಂದಿನಿಂದ ಗೊತ್ತಿತ್ತು.

"ಮೊದ್ಲೇ ಹೇಳಬಾರ್ದಾಗಿತ್ತಾ?" ಎಂದಳು, ದನಿ ಇನ್ನೂ ಜೋರಾಗಿಯೇ ಇತ್ತು.

ಮಹಾಲಿಂಗಯ್ಯ ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟ. ಬಸ್ಸಿನಲ್ಲಿ ಟಿಕೆಟ್ ಲೆಕ್ಕದ ವೇಬಿಲ್ ಬರೆದು ಪಳಗಿದ ಕೈ. ಆರು ಹತ್ತು, ಸ್ನಾನ. ಆರೂವರೆ, ಪೂಜೆ. ಏಳು ಐದು, ಪ್ರಸಾದ: ಹಾಲು, ಹಣ್ಣು, ತುಪ್ಪ. ಏಳು ಹತ್ತು, ಮಾತ್ರೆ ನಾಲ್ಕು. ಎಂಟೂಕಾಲು, ತಿಂಡಿ. ಒಂದು ದಿನವೂ ತಪ್ಪಿಲ್ಲ. "ಇದಕ್ಕಿಂತ ಮುಂಚಿನ ಪುಸ್ತಕ ಎಲ್ಲಾ ನಿಮ್ಮ ಬೀರುನಲ್ಲೇ ಅವೆ. ಪುಟಪುಟಕ್ಕೂ ನಿಮ್ಮ ಸೈನ್ ಐತೆ."

ಅವಳು ಒಂದೊಂದೇ ಪುಟ ತಿರುಗಿಸಿದಳು.

"ಮೂವತ್ತು ವರ್ಷ ಕಂಡಕ್ಟರ್ ಕೆಲಸ ಮಾಡಿದೀನಿ ಸಿಸ್ಟರ್. ಎಲ್ಲಿಗೆ ಅಂತ ಕೇಳ್ದೆ ಟಿಕೆಟ್ ಹರಿದು ಕೊಟ್ಟಿದ್ರೆ ಚೆಕಿಂಗ್‌ನೋರು ಅಲ್ಲೇ ಕೆಳಗಿಳಿಸಿ ಸಸ್ಪೆಂಡ್ ಮಾಡೋರು."

ಶಿವನಂಜಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದಳು. "ಅಲ್ಲ, ರಾತ್ರಿ ಇವ್ರು ಏಳಕ್ಕೆಲ್ಲ ಉಂಡುಬುಡ್ತಾರೆ. ಹತ್ತು ಗಂಟೆಗೆ ಮಲಗೋವಾಗ ನುಂಗಿದ್ರೆ ಆಗಲ್ವಾ ಅದು?"

ಆಗುತ್ತದೆ. ಯಾವ ತೊಂದರೆಯೂ ಇಲ್ಲ. ಐದು ತಿಂಗಳು, ಎರಡು ಸಲ ಲಿವರ್ ಏಟು, ಆರು ಪಟ್ಟು. ಇಷ್ಟಕ್ಕೂ ಬೇಕಾಗಿದ್ದದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುವ ಆ ಒಂದು ಮಾತು. ದಾಕ್ಷಾಯಣಿಗೆ ಮೈಯೆಲ್ಲ ಉರಿಯಿತು. "ಈಗ ಸದ್ಯಕ್ಕೆ ಮಾತ್ರೆ ಮುಟ್ಟಬೇಡಿ. ನಾಳೆ ಪುಸ್ತಕ ತಗೊಂಡು ಆಸ್ಪತ್ರೆಗೆ ಬನ್ನಿ," ಎಂದಷ್ಟೇ ಹೇಳಿ ಎದ್ದಳು. ಉಪ್ಪಿಟ್ಟು ತಿಂದು ಹೋಗಿ ಎಂದರೂ ನಿಲ್ಲಲಿಲ್ಲ. ತಪ್ಪು ನನ್ನದು ಅನ್ನುವ ಮಾತು ಗುಬ್ಬಿಯವರೆಗೂ ಬಾಯಲ್ಲೇ ಇತ್ತು, ಹೊರಗೆ ಬರಲಿಲ್ಲ.

ಆಸ್ಪತ್ರೆಗೆ ಹೋದವಳೇ ಬೀರು ತೆಗೆದು ಹಳೆಯ ಪುಸ್ತಕಗಳನ್ನೆಲ್ಲ ಹರಡಿಕೊಂಡು ಓದಿದಳು, ಅನುಮಾನ ಬಂದವರಿಗೆ ಫೋನ್ ಮಾಡಿ, ಬೆಳಗ್ಗೆ ಎದ್ದ ಮೇಲೆ ಬಾಯಿಗೆ ಮೊದಲು ಹೋಗುವುದು ಏನು ಎಂದು ಕೇಳಿದಳು. ಹದಿನೆಂಟರಲ್ಲಿ ಏಳು ಮಂದಿ ಪ್ರಸಾದ ತಗೊಂಡೇ ಮಾತ್ರೆ ನುಂಗುತ್ತಿದ್ದರು. ಟವೆಲ್ಲಿನ ಸದಾಶಿವಯ್ಯನೂ ಅದರಲ್ಲೊಬ್ಬ. ಏಳೂ ಮಂದಿಯ ಹಾಳೆಯಲ್ಲಿ 'ಖಾಲಿ ಹೊಟ್ಟೆ: ಹೌದು', ಅವಳದೇ ಗೀಟು.

ಮರುದಿನ ಡಾಕ್ಟರ್ ಗುರುಪ್ರಸಾದ್ ಇದನ್ನೆಲ್ಲ ಕೇಳಿ ಮೊದಲ ಸಲ ಫೋನು ಕೆಳಗಿಟ್ಟ.

"ಆ ಬೀರು ಮುಚ್ಚಿ ದಾಕ್ಷಾಯಣಿ. ಉಳಿದ ಆರು ಜನಕ್ಕೆ ಇವತ್ತಿಂದ ರಾತ್ರಿ ತಗೊಳ್ಳೋಕೆ ಹೇಳಿ, ಅಲ್ಲಿಗೆ ಮುಗೀತು. ಇವನದ್ದು ಲಿವರ್ ಏರಿದೆ, ಇವನನ್ನ ಮುಚ್ಚಿಡೋಕಾಗಲ್ಲ. ರೋಗಿ ಸೂಚನೆ ಪಾಲಿಸಲಿಲ್ಲ ಅಂತ ಬರೆದು ಕಳಿಸಿ."

"ಸೂಚನೆ ಸರಿಯಾಗಿ ಕೊಟ್ಟಿದ್ರೆ ತಾನೆ ಸರ್ ಪಾಲಿಸೋದು?"

"ನೋಡಿ, ಹೇಳಿಕೊಟ್ಟೋರದ್ದೇ ತಪ್ಪು ಅಂತಾದ್ರೆ ಕಮಿಟಿಯವರು ಅವನನ್ನ ಇಟ್ಕೋತಾರೆ. ನಿಮ್ಮನ್ನ ಇಟ್ಕೊಳ್ಳಲ್ಲ. ನಿಮ್ಮ ಮಗಳು ಪಲ್ಲವಿ ಕಾಲೇಜು ಇನ್ನೂ ಮುಗಿದಿಲ್ಲ ಅಲ್ವಾ?" ಎಂದು ಆತ ಎದ್ದು ಹೋದ. ಮಗಳ ಹೆಸರು ಜ್ಞಾಪಕವಿದೆ ಮಹಾಶಯನಿಗೆ, ರೋಗಿಯ ಹೆಸರು ಬಾಯಿಗೆ ಬರಲಿಲ್ಲ.

ಹೊರಗೆ ಬೆಂಚಿನ ಮೇಲೆ ಮಹಾಲಿಂಗಯ್ಯ ಮೀನಖಂಡ ತಿಕ್ಕಿಕೊಳ್ಳುತ್ತಾ ಕೂತಿದ್ದ. ಅವನ ಪುಸ್ತಕ ದಾಕ್ಷಾಯಣಿಯ ಮೇಜಿನ ಮೇಲಿತ್ತು. ಕಾರಣ ಬರೆಯುವ ಹಾಳೆ ಎಳೆದುಕೊಂಡು ಅವಳು 'ರೋಗಿ' ಎಂದು ಬರೆದೂ ಬಿಟ್ಟಳು. ಆತ ಸತ್ತರೆ ಯಾರೂ ಬಂದು ಕೇಳುವುದಿಲ್ಲ. ಕೆಲಸ ಹೋದರೆ ಈ ವಯಸ್ಸಿನಲ್ಲಿ ಇನ್ನೊಂದು ಸಿಗುವುದಿಲ್ಲ. ಮಿಕ್ಕದ್ದು ಬರೆಯುವ ಮುಂಚೆ ಅಭ್ಯಾಸಬಲದಿಂದ ಗೀಟು ಎಣಿಸಲು ಪುಸ್ತಕ ತೆರೆದಳು. ಎಣಿಸುವ ಬದಲು ಓದಿದಳು.

ಬುಧವಾರ. ಏಳು ಐದು, ಪ್ರಸಾದ. ಏಳು ಹತ್ತು, ಮಾತ್ರೆ ನಾಲ್ಕು. ಏಳು ಇಪ್ಪತ್ತು, ಸಿಸ್ಟರ್ ಪುಸ್ತಕ ನೋಡಿದರು. ತಪ್ಪು ಅವರದು. ಅವರಿಗೂ ಗೊತ್ತಾಯಿತು, ಆದರೆ ಹೇಳಲಿಲ್ಲ. ಪಾಪ, ನೌಕರಿ ಇರುವವರು. ಏಳು ನಲವತ್ತು, ಏನೂ ತಿನ್ನದೆ ಹೋದರು.

ಪಾಪವಂತೆ! ಹದಿನೆಂಟು ಗಂಡಸರನ್ನು ಕಾಲ ಕಸವಾಗಿ ಕಂಡವಳಿಗೆ, ಕಾಲು ಹಿಡಿದುಕೊಂಡು ಬೆಂಚಿನ ಮೇಲೆ ಕೂತ ಒಬ್ಬ ಕಂಡಕ್ಟರು ಪಾಪ ಅನ್ನುವುದೇ? ಅವಳ ಕಿವಿ, ಕೆನ್ನೆ, ಕುತ್ತಿಗೆ ಬಿಸಿಯಾಯಿತು, ಆ ಹಳೆಯ ಬಿಸಿಯಲ್ಲ, ಬರೀ ನಾಚಿಕೆ. ಆ ಪುಟದ ಕೆಳಗೆ ಸಹಿಯ ಜಾಗ ಖಾಲಿಯಿತ್ತು.

ಹಾಳೆಯ ಮೇಲಿನ 'ರೋಗಿ' ಹೊಡೆದುಹಾಕಿದಳು. ಕಾರಣ: ದಾಕ್ಷಾಯಣಿ, ಅಧ್ಯಯನದ ನರ್ಸ್. ಐದು ತಿಂಗಳು ಕೇಳದೆ ಗೀಟು ಹಾಕಿದ್ದೇನೆ, ಓದದೆ ಸಹಿ ಹಾಕಿದ್ದೇನೆ. ಇದೇ ತಪ್ಪಿನ ಇನ್ನೂ ಆರು ಮಂದಿಯ ಪುಸ್ತಕ ಜೊತೆಗಿಟ್ಟಿದ್ದೇನೆ. ಆ ಹಾಳೆಯನ್ನು ಅವಳು ಡಾಕ್ಟರಿಗೆ ಕೊಡಲಿಲ್ಲ. ಎಲ್ಲದರ ಫೋಟೊ ತೆಗೆದು ನೇರವಾಗಿ ಕಮಿಟಿಗೇ ಕಳಿಸಿದಳು. ಆಮೇಲೆ ಬಾಗಿಲಿಗೆ ಬಂದು ಮಹಾಲಿಂಗಯ್ಯನನ್ನು ಒಳಗೆ ಕರೆದು, ಬುಧವಾರದ ಪುಟ ಅವನ ಕಡೆ ತಿರುಗಿಸಿ, ಅವನ ಎದುರಿಗೇ ಸಹಿ ಹಾಕಿದಳು.

ಆತ ಕನ್ನಡಕ ಏರಿಸಿ ಸಹಿ ನೋಡಿದ. ಆಮೇಲೆ ಬೆರಳಿಟ್ಟು ಪಕ್ಕದ ಖಾಲಿ ಜಾಗ ತೋರಿಸಿದ.

"ಟೈಮ್ ಹಾಕಿ ಸಿಸ್ಟರ್."

ಅವಳು ಗಡಿಯಾರ ನೋಡಿ ಬರೆದಳು. ಹನ್ನೊಂದು ನಲವತ್ತು.